ಜೀರ್ಣವಾಗದ ವಿಷಗಳು

ವಾತಾಪಿಯ ಕಥೆ ನಮ್ಮ ನಾಡಿನಲ್ಲಿ ಮಕ್ಕಳಿಗೂ ಗೊತ್ತು. ಇಲ್ವಲನೆಂಬ ರಾಕ್ಷಸ ತನ್ನ ತಮ್ಮ ವಾತಾಪಿಯನ್ನು ಟಗರನ್ನಾಗಿ ಮಾಡಿ, ಕೊಯ್ದು ಅಡಿಗೆ ಮಾಡಿಸಿ, ಬಂದ ಅತಿಥಿಗಳಿಗೆ ಆದರದಿಂದ ಬಡಿಸುತ್ತಿದ್ದ. ಊಟ ಮುಗಿದ ಮೇಲೆ ತಮ್ಮನ ಹೆಸರು ಹಿಡಿದು ಕೂಗಿದರೆ, ಅವನು ಉಂಡವರ ಹೊಟ್ಟೆಯನ್ನು ಸೀಳಿಕೊಂಡು ಹೊರಗೆ ಬರುತ್ತಿದ್ದ. ಅಗಸ್ತ್ಯರೊಬ್ಬರು ಮಾತ್ರ ಉಂಡು, ಹೊಟ್ಟೆಯನ್ನು ಸವರಿಕೊಂಡು, ಅವನನ್ನು ಅಲ್ಲಿಯೇ ಅರಗಿಸಿಕೊಂಡುಬಿಟ್ಟರು. ಬಾದಾಮಿಯ ಹಳೆಯ ಹೆಸರಿನೊಡನೆ ಬೆರೆತುಹೋಗಿರುವ ಈ ಕಥೆಯನ್ನು ನಾವು ಅಜೀರ್ಣದ ವಿನೋದಕ್ಕೆ ಬಳಸುತ್ತ ಬಂದಿದ್ದೇವೆ. ಆದರೆ ಅದರೊಳಗೆ ಒಂದು ಭಯವಿದೆ. ರುಚಿಯಾಗಿ, ಹಿತವಾಗಿ, ಆತಿಥ್ಯದ ರೂಪದಲ್ಲಿಯೇ ಒಳಹೊಕ್ಕದ್ದು ಅರಗದೆ ಉಳಿದು, ಕರೆದ ದಿನ ಎದ್ದು ಬರುವ ಭಯ ಅದು.

ಕೇಳುಗ ಮಿತ್ರರೇ, ಕಳೆದ ಒಂದು ಶತಮಾನದಲ್ಲಿ ಮನುಷ್ಯ ತಯಾರಿಸಿದ ಕೆಲವು ವಸ್ತುಗಳ ಸ್ವಭಾವ ವಾತಾಪಿಯದೇ. ಅವು ಮಣ್ಣಿಗೆ ಅರಗವು, ನೀರಿಗೆ ಕರಗವು, ಮೈಯೊಳಗೆ ಹೊಕ್ಕರೆ ಬೇಗನೆ ಬಿಟ್ಟುಹೋಗವು. ಅವು ನಮ್ಮ ನಾಡಿಗೆ ಬಂದ ಬಗೆ ಯಾವುದು, ಅವುಗಳಿಂದಾದ ಉಪಕಾರವೆಷ್ಟು, ಅಪಕಾರವೆಷ್ಟು, ಅಪಕಾರವನ್ನು ಮೊದಲು ಕಂಡವರು ಯಾರು ಎಂಬುದನ್ನು ನೆನೆಯುವುದು ಈ ಭಾಷಣದ ಉದ್ದೇಶ.

ಬಳ್ಳಾರಿ ಸೀಮೆಯವರಿಗೆ ೧೯೫೩ನೆಯ ಇಸವಿ ಮರೆಯಲಾಗದ್ದು. ಆ ವರ್ಷ ತುಂಗಭದ್ರೆಯ ಅಣೆಕಟ್ಟಿನಲ್ಲಿ ನೀರು ನಿಂತಿತು. ಆ ವರ್ಷದ ಅಕ್ಟೋಬರ್ ೧ರಂದು, ಅದುವರೆಗೆ ಮದರಾಸು ಪ್ರಾಂತಕ್ಕೆ ಸೇರಿದ್ದ ಬಳ್ಳಾರಿ ಮೈಸೂರು ರಾಜ್ಯಕ್ಕೆ ಬಂದು ಕೂಡಿತು. ಅದೇ ವರ್ಷ ಭಾರತ ಸರಕಾರ ರಾಷ್ಟ್ರೀಯ ಮಲೇರಿಯ ನಿಯಂತ್ರಣ ಕಾರ್ಯಕ್ರಮವನ್ನು ಆರಂಭಿಸಿತು. ಮೊದಲೆರಡು ಘಟನೆಗಳನ್ನು ನಾವು ಉತ್ಸವ ಮಾಡಿ ನೆನೆಯುತ್ತೇವೆ. ಮೂರನೆಯದನ್ನು ಯಾರೂ ನೆನೆಯುವುದಿಲ್ಲ. ಆದರೆ ಹಳ್ಳಿಯ ಮನೆಮನೆಯ ಗೋಡೆಯನ್ನು ಮುಟ್ಟಿದ್ದು ಆ ಮೂರನೆಯದೇ.

ನೀರಾವರಿ ಈ ಸೀಮೆಗೆ ಹೊಸದಲ್ಲ. ವಿಜಯನಗರದ ಅರಸರು ತುಂಗಭದ್ರೆಯಿಂದ ತೆಗೆಸಿದ ಕಾಲುವೆಗಳಲ್ಲಿ ರಾಯ, ಬಸವಣ್ಣ, ತುರ್ತು ಕಾಲುವೆಗಳ ಹೆಸರು ಎಲ್ಲರಿಗೂ ಗೊತ್ತು. ಸಿರುಗುಪ್ಪದ ಕಾಲುವೆ, ದೇಶನೂರಿನ ಕಾಲುವೆ ಕೂಡ ಆ ಸಾಲಿನವೇ. ನೀರಿದ್ದೆಡೆ ಬತ್ತ, ನಿಂತ ನೀರಿದ್ದೆಡೆ ಸೊಳ್ಳೆ, ಸೊಳ್ಳೆಯ ಹಿಂದೆಯೇ ಚಳಿಜ್ವರ. ಗದ್ದೆಯ ಊರುಗಳ ಜನಕ್ಕೆ ಇದು ತಲೆಮಾರುಗಳ ಅನುಭವ. ಸ್ವಾತಂತ್ರ್ಯ ಬಂದ ಕಾಲದಲ್ಲಿ ದೇಶದಲ್ಲಿ ವರ್ಷಕ್ಕೆ ಏಳೂವರೆ ಕೋಟಿ ಜನಕ್ಕೆ ಮಲೇರಿಯ ತಗಲುತ್ತಿತ್ತು, ಎಂಟು ಲಕ್ಷ ಜನ ಸಾಯುತ್ತಿದ್ದರು ಎಂಬುದು ಆಗಿನ ಅಂದಾಜು. ಹಳೆಯ ಮೈಸೂರು ಸಂಸ್ಥಾನದಲ್ಲಿ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಮೂಡಿಗೆರೆ, ಹಿರಿಯೂರು, ನಗೇನಹಳ್ಳಿಗಳಲ್ಲಿ ಮಲೇರಿಯದ ಅಧ್ಯಯನ ಮೊದಲೇ ನಡೆದಿತ್ತು. ಆದರೆ ಹಳ್ಳಿಗಾಡಿನ ಬಡವನಿಗೆ ನಿಲುಕುವ ಉಪಾಯ ಇನ್ನೂ ದೊರೆತಿರಲಿಲ್ಲ.

ಆ ಉಪಾಯ ಬಂದದ್ದು ಡಿ.ಡಿ.ಟಿ.ಯ ರೂಪದಲ್ಲಿ. ಈ ವಸ್ತುವನ್ನು ೧೮೭೪ರಲ್ಲಿಯೇ ಒಬ್ಬ ರಸಾಯನ ವಿದ್ಯಾರ್ಥಿ ತಯಾರಿಸಿದ್ದ. ಅದರಿಂದ ಏನು ಪ್ರಯೋಜನವೆಂಬುದು ಅವನಿಗೂ ತಿಳಿದಿರಲಿಲ್ಲ. ಅದು ಕೀಟವನ್ನು ಕೊಲ್ಲುತ್ತದೆಂದು ಸ್ವಿಟ್ಜರ್ಲೆಂಡಿನ ಪಾಲ್ ಮ್ಯೂಲರ್ ೧೯೩೯ರಲ್ಲಿ ಕಂಡುಹಿಡಿದ. ೧೯೪೮ರಲ್ಲಿ ಅವನಿಗೆ ವೈದ್ಯಶಾಸ್ತ್ರದ ನೊಬೆಲ್ ಬಹುಮಾನ ಬಂದಿತು. ಈ ಚರಿತ್ರೆಯಲ್ಲಿ ಕರ್ನಾಟಕಕ್ಕೂ ಒಂದು ಸ್ಥಾನವಿದೆ. ೧೯೪೬ರಲ್ಲಿ, ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಧಾರವಾಡ ಮತ್ತು ಕಾರವಾರದ ಜಿಲ್ಲೆಗಳ ಹಳ್ಳಿಗಳಲ್ಲಿ ಡಾ. ಡಿ. ಕೆ. ವಿಶ್ವನಾಥನ್ ಮತ್ತು ಟಿ. ರಾಮಚಂದ್ರರಾವ್ ಅವರು ಮನೆಗಳ ಒಳಗೋಡೆಗೆ ಡಿ.ಡಿ.ಟಿ. ಸಿಂಪಡಿಸಿ ಮಲೇರಿಯವನ್ನು ತಗ್ಗಿಸಿ ತೋರಿಸಿದರು. ದೇಶವ್ಯಾಪಿ ಕಾರ್ಯಕ್ರಮಕ್ಕೆ ಧೈರ್ಯ ತಂದ ಪ್ರಯೋಗಗಳಲ್ಲಿ ಇದೊಂದು.

ಸಿಂಪಡಣೆಯ ತಂಡ ಸಿರುಗುಪ್ಪದ ಕಡೆಯ ನಮ್ಮ ಊರಿಗೆ ಬರುತ್ತಿದ್ದುದು ನನಗೆ ಚೆನ್ನಾಗಿ ನೆನಪಿದೆ. ಅರವತ್ತರ ದಶಕದ ಕೊನೆಯ ದಿನಗಳಿರಬೇಕು. ಕಾಳು ಕಡಿ, ಪಾತ್ರೆ ಪಡಗಗಳನ್ನೆಲ್ಲ ಹೊರಗಿಟ್ಟು ಮನೆ ಬರಿದು ಮಾಡಿಕೊಳ್ಳಬೇಕು. ಖಾಕಿ ತೊಟ್ಟವರು ಕೈಪಂಪಿನಿಂದ ಗೋಡೆಗೆಲ್ಲ ಬಿಳಿಯ ನೀರು ಹೊಡೆಯುವರು. ತಿಗಣೆಗಳು ಸಾಯುತ್ತವೆಂದು ಹೆಂಗಸರಿಗೆ ಸಂತೋಷ, ವಿಚಿತ್ರವಾದ ವಾಸನೆಯೆಂದು ಮಕ್ಕಳಿಗೆ ಸಂತೋಷ. ಹೊರಡುವ ಮುನ್ನ ತಂಡದವನೊಬ್ಬ ಕೆಮ್ಮಣ್ಣಿನಿಂದ ಬಾಗಿಲ ಪಕ್ಕದಲ್ಲಿ ಒಂದು ಗುರುತು ಬರೆಯುತ್ತಿದ್ದ: ಔಷಧದ ಹೆಸರು, ಸಿಂಪಡಿಸಿದ ತಾರೀಖು. ನಮ್ಮ ಅಜ್ಜಿ ಪ್ರತಿ ಬಾರಿಯೂ, "ಬಾಗಿಲಿಗಿ ಬರೀಬ್ಯಾಡಪ್ಪಾ, ಗ್ವಾಡಿಗಿ ಬರಿ" ಎಂದು ಬೇಡಿಕೊಳ್ಳುತ್ತಿದ್ದಳು. ಆ ಕೆಂಪು ಅಕ್ಷರ ಮುಂದಿನ ಸುಣ್ಣದವರೆಗೆ ಹಾಗೆಯೇ ಇರುತ್ತಿತ್ತು. ನಾನು ಓದಲು ಕಲಿತ ಮೊದಲ ಅಂಕಿಗಳಲ್ಲಿ ಅವೂ ಸೇರಿವೆ.

ಈ ಉಪಕಾರವನ್ನು ಸಣ್ಣದಾಗಿ ಕಾಣಬಾರದು. ೧೯೬೫ರ ಹೊತ್ತಿಗೆ ದೇಶದಲ್ಲಿ ಮಲೇರಿಯದ ಪ್ರಕರಣಗಳು ಸುಮಾರು ಒಂದು ಲಕ್ಷಕ್ಕೆ ಇಳಿದಿದ್ದವು. ಚಳಿಜ್ವರದಿಂದ ಸಾಯಬಹುದಾಗಿದ್ದ ಎಷ್ಟೋ ಮಕ್ಕಳು ಬದುಕಿ, ಓದಿ, ಇಂದು ನನ್ನಂತೆ ಮುಪ್ಪಿಗೆ ಬಂದಿದ್ದಾರೆ. ಡಿ.ಡಿ.ಟಿ.ಯನ್ನು ರಾಕ್ಷಸನೆಂದು ಬರೆಯುವವರು ಈ ಲೆಕ್ಕವನ್ನೂ ಬರೆಯಬೇಕಾಗುತ್ತದೆ.

ಆದರೆ ಗೋಡೆಗೆ ಎಂದು ಬಂದದ್ದು ಗದ್ದೆಗೂ ಇಳಿಯಿತು. ಕಾಲುವೆಯ ನೀರಿನೊಡನೆ ಸಿರುಗುಪ್ಪ, ಕುರುಗೋಡು, ಕಂಪ್ಲಿಗಳ ಬಯಲು ಎರಡು ಬೆಳೆಯ ನಾಡಾಯಿತು. ಹೊಸ ತಳಿಯ ಬತ್ತ ಬಂದಿತು, ಗೊಬ್ಬರ ಬಂದಿತು, ಹಿಂದೆಯೇ ಹುಳುವೂ ಬಂದಿತು. ಧಾರವಾಡದಲ್ಲಿ ಡಾ. ಬಿ. ಎಚ್. ಕಟರ್ಕಿಯವರು ರೂಪಿಸಿದ ವರಲಕ್ಷ್ಮಿ ಹತ್ತಿ ೧೯೭೨ರಲ್ಲಿ ಹೊರಬಂದಾಗ ಎರೆಭೂಮಿಯ ರೈತನ ಕೈಗೆ ಮೊದಲ ಬಾರಿಗೆ ದೊಡ್ಡ ಹಣ ಬಂದಿತು. ಆ ಬಂಗಾರದ ಹತ್ತಿಗೆ ಔಷಧ ಹೊಡೆಯುವ ಸರದಿಗೆ ಕೊನೆಯೇ ಇರಲಿಲ್ಲ. ಬಿ.ಎಚ್.ಸಿ. ಪುಡಿಯನ್ನು ಬರಿಗೈಯಲ್ಲಿ ಎರಚುತ್ತಿದ್ದುದನ್ನು ಕಂಡವರು ಇನ್ನೂ ನಮ್ಮ ನಡುವೆ ಇದ್ದಾರೆ. ಎಂಡ್ರಿನ್ ಎಂಬ ಹೆಸರಂತೂ ಹಳ್ಳಿಯ ಮಾತಿನಲ್ಲಿ ಆತ್ಮಹತ್ಯೆಗೆ ಪರ್ಯಾಯ ಪದವಾಗಿ ನಿಂತಿತು. ಒಂದು ಭಾಷೆ ಒಂದು ವಸ್ತುವನ್ನು ಯಾವ ಅರ್ಥದಲ್ಲಿ ತನ್ನದನ್ನಾಗಿ ಮಾಡಿಕೊಳ್ಳುತ್ತದೆ ಎಂಬುದೂ ಚರಿತ್ರೆಯ ಒಂದು ಆಧಾರವೇ.

ಈ ಔಷಧಗಳ ಗುಣವೂ ದೋಷವೂ ಒಂದೇ. ಬಹುಕಾಲ ಉಳಿಯುವುದೇ ಅದು. ಕ್ಲೋರಿನ್ ಬೆರೆತ ಈ ಅಣುಗಳನ್ನು ಒಡೆಯುವ ಶಕ್ತಿ ಬಿಸಿಲಿಗೂ ಮಣ್ಣಿನ ಸೂಕ್ಷ್ಮಜೀವಿಗಳಿಗೂ ಬಹಳ ಕಡಮೆ. ಗೋಡೆಯ ಮೇಲೆ ತಿಂಗಳುಗಟ್ಟಲೆ ಸೊಳ್ಳೆಯನ್ನು ಕೊಲ್ಲಲು ಬೇಕಾದದ್ದು ಈ ಹಟವೇ. ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುವುದೂ ಈ ಹಟದಿಂದಲೇ. ಇವು ನೀರಿನಲ್ಲಿ ಕರಗುವುದು ಅತ್ಯಲ್ಪ, ಕೊಬ್ಬಿನಲ್ಲಿ ಸಲೀಸಾಗಿ ಕರಗುತ್ತವೆ. ಆದ್ದರಿಂದ ಪಾಚಿಯಿಂದ ಸಣ್ಣ ಮೀನಿಗೆ, ಸಣ್ಣ ಮೀನಿನಿಂದ ದೊಡ್ಡದಕ್ಕೆ, ಅದರಿಂದ ಹಕ್ಕಿಗೆ, ಹೀಗೆ ಮೆಟ್ಟಿಲು ಏರಿದಂತೆಲ್ಲ ಸಾಂದ್ರವಾಗುತ್ತ ಹೋಗುತ್ತವೆ. ಆ ಮೆಟ್ಟಿಲುಗಳ ತುದಿಯಲ್ಲಿ ತಾಯಿಯ ಹಾಲು ಕುಡಿಯುವ ಕೂಸು ಇದೆ. ನಮ್ಮ ದೇಶದ ತಾಯಂದಿರ ಹಾಲಿನಲ್ಲಿ ಡಿ.ಡಿ.ಟಿ., ಬಿ.ಎಚ್.ಸಿ.ಗಳ ಅಂಶವನ್ನು ವಿಜ್ಞಾನಿಗಳು ಮತ್ತೆ ಮತ್ತೆ ಕಂಡಿದ್ದಾರೆ.

ಪ್ರಕೃತಿಯೂ ಸುಮ್ಮನೆ ಕುಳಿತಿರಲಿಲ್ಲ. ಸೊಳ್ಳೆಗಳು ಡಿ.ಡಿ.ಟಿ.ಯನ್ನು ತಾಳಿಕೊಳ್ಳುವ ಶಕ್ತಿ ಪಡೆದವು. ಕಾರ್ಯಕ್ರಮವೂ ಸಡಿಲವಾಯಿತು. ೧೯೭೬ರಲ್ಲಿ ದೇಶದ ಮಲೇರಿಯ ಪ್ರಕರಣಗಳು ಮತ್ತೆ ೬೪ ಲಕ್ಷ ದಾಟಿದವು. ಗದ್ದೆಯಲ್ಲಿಯೂ ಇದೇ ಕಥೆ. ಬತ್ತವನ್ನು ಸುಟ್ಟಂತೆ ಮಾಡುವ ಕಂದು ಜಿಗಿಹುಳುವನ್ನು ಜೇಡ ಮೊದಲಾದ ಶತ್ರುಗಳು ತಿಂದು ಹದ್ದಿನಲ್ಲಿ ಇಡುತ್ತಿದ್ದವು. ಔಷಧ ಆ ಶತ್ರುಗಳನ್ನು ಮೊದಲು ಕೊಂದಿತು, ಹುಳು ಉಳಿದುಕೊಂಡಿತು. ಇಂಡೊನೇಷ್ಯ ದೇಶ ೧೯೮೬ರಲ್ಲಿ ಬತ್ತಕ್ಕೆ ೫೭ ಕೀಟನಾಶಕಗಳ ಬಳಕೆಯನ್ನು ಒಂದೇ ಆಜ್ಞೆಯಿಂದ ನಿಲ್ಲಿಸಿದ್ದು ಈ ಪಾಠವನ್ನು ಕಲಿತ ಮೇಲೆ.

ಕಾನೂನು ಯಾವಾಗಲೂ ಸಾವಿನ ಹಿಂದೆ ಕುಂಟುತ್ತ ಬರುತ್ತದೆ. ೧೯೫೮ರಲ್ಲಿ ಕೇರಳದಲ್ಲಿ ಪ್ಯಾರಾಥಿಯಾನ್ ಎಂಬ ಕೀಟನಾಶಕ ಸಾಗಾಣಿಕೆಯಲ್ಲಿ ಆಹಾರ ಪದಾರ್ಥಕ್ಕೆ ಸೋರಿ ನೂರಕ್ಕೂ ಹೆಚ್ಚು ಜನ ಸತ್ತರು. ಕೀಟನಾಶಕಗಳನ್ನು ಹದ್ದುಬಸ್ತಿನಲ್ಲಿಡುವ ಕಾಯಿದೆ ಬಂದದ್ದು ೧೯೬೮ರಲ್ಲಿ, ಹತ್ತು ವರ್ಷಗಳ ತರುವಾಯ. ಅಮೆರಿಕದ ರೇಚಲ್ ಕಾರ್ಸನ್ 'ಸೈಲೆಂಟ್ ಸ್ಪ್ರಿಂಗ್' ಗ್ರಂಥದಲ್ಲಿ ಡಿ.ಡಿ.ಟಿ.ಯ ಅಪಾಯವನ್ನು ಎತ್ತಿ ಹೇಳಿದ್ದು ೧೯೬೨ರಲ್ಲಿ. ನಮ್ಮಲ್ಲಿ ಬೇಸಾಯಕ್ಕೆ ಅದರ ಬಳಕೆ ನಿಂತದ್ದು ೧೯೮೯ರಲ್ಲಿ. ಎಂಡ್ರಿನ್ ೧೯೯೦ರಲ್ಲಿ, ಬಿ.ಎಚ್.ಸಿ. ೧೯೯೭ರಲ್ಲಿ ನಿಷೇಧಕ್ಕೆ ಒಳಗಾದವು.

ಇಲ್ಲಿ ಒಂದು ಎಚ್ಚರಿಕೆಯ ಮಾತು ಹೇಳಬೇಕು. ೧೯೭೦ರ ದಶಕದ ಮಧ್ಯದಲ್ಲಿ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ ಕೀಲುಗಳನ್ನು ಹಿಡಿದು ಮನುಷ್ಯನನ್ನು ಕುಬ್ಜನನ್ನಾಗಿ, ತೆವಳುವವನನ್ನಾಗಿ ಮಾಡುವ ವ್ಯಾಧಿ ಬೆಳಕಿಗೆ ಬಂದಿತು. ನರಳಿದವರು ಬಡ ಕೂಲಿಗಳು, ಗದ್ದೆಯ ಏಡಿಯನ್ನು ತಿನ್ನುವವರು. ಗದ್ದೆಗೆ ಹೊಡೆದ ಔಷಧವೇ ಏಡಿಯ ಮೂಲಕ ಮೈಗೆ ಸೇರಿರಬೇಕೆಂದು ಅನೇಕರು ಶಂಕಿಸಿದರು. ಮುಂದೆ ನಡೆದ ಸಂಶೋಧನೆ ಇದು ವಂಶಪಾರಂಪರ್ಯವಾಗಿ ಬರುವ ಮೂಳೆಯ ರೋಗವೆಂಬ ಕಡೆಗೆ ವಾಲಿತು. ಶಂಕೆ ಪಟ್ಟವರು ತಪ್ಪು ಮಾಡಲಿಲ್ಲ. ಶಂಕೆಯಿಂದಲೇ ವಿಚಾರಣೆ ಹುಟ್ಟುವುದು. ಆದರೆ ಶಂಕೆಯನ್ನೇ ತೀರ್ಪೆಂದು ತಿಳಿಯಬಾರದು. ಹಂದಿಗೋಡಿನ ಜನಕ್ಕಂತೂ ಎರಡು ಉತ್ತರಗಳಲ್ಲಿ ಯಾವುದರಿಂದಲೂ ನೋವು ಕಡಮೆಯಾಗಲಿಲ್ಲ.

ಶಂಕೆ ಗಟ್ಟಿಯಾಗುತ್ತ ಹೋದ ಇನ್ನೊಂದು ಕಥೆ ಕಾಸರಗೋಡಿನದು. ರಾಜ್ಯಗಳ ಗೆರೆ ಎಳೆದಾಗ ಕೇರಳದ ಪಾಲಿಗೆ ಹೋದರೂ, ಕನ್ನಡ ತುಳುಗಳನ್ನಾಡುವ ನಾಡು ಅದು. ಅಲ್ಲಿಯ ಎಣ್ಮಕಜೆ ಪಂಚಾಯತಿನಲ್ಲಿ ಪಡ್ರೆ ಎಂಬ ಹಳ್ಳಿಯಿದೆ. ಅದರ ಒಂದು ಭಾಗದ ಹೆಸರು ಸ್ವರ್ಗ. ಗುಡ್ಡದ ನೆತ್ತಿಯಲ್ಲಿ ಕೇರಳದ ಸರಕಾರಿ ತೋಟಗಾರಿಕೆ ನಿಗಮದ ಗೇರು ತೋಟಗಳು, ಕೆಳಗಿನ ಕಣಿವೆಯಲ್ಲಿ ಮನೆ, ಅಡಿಕೆ ತೋಟ, ತೊರೆ, ಗುಡ್ಡದ ಹೊಟ್ಟೆಯನ್ನು ಅಡ್ಡಲಾಗಿ ಕೊರೆದು ನೀರು ತರುವ ಸುರಂಗಗಳು. ಗೇರಿನ ಚಿಗುರನ್ನು ಕೆಡಿಸುವ ಚಹಾ ಸೊಳ್ಳೆಯೆಂಬ ಕೀಟವನ್ನು ಕೊಲ್ಲಲು ೧೯೭೦ರ ದಶಕದ ಕೊನೆಯಿಂದ ೨೦೦೦ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಲಾಯಿತು. ತೋಟದ ಗಡಿ ಕಾಗದದ ಮೇಲಿನದು, ಗಾಳಿಗೆ ಆ ಗಡಿ ತಿಳಿಯದು. ನೆತ್ತಿಯ ಮೇಲೆ ಬಿದ್ದದ್ದು ಮಳೆಯೊಡನೆ ಕೆಳಗಿಳಿದು ತೊರೆಗೆ ಸೇರಿತು.

ಮೊದಲು ಕಂಡದ್ದು ಕರುಗಳಲ್ಲಿ. ಊನವಾದ ಕಾಲಿನ ಕರುಗಳು ಹುಟ್ಟಿದುದನ್ನು ಆ ಊರಿನ ಕೃಷಿಕರೂ ಬರಹಗಾರರೂ ಆದ ಶ್ರೀಪಡ್ರೆಯವರು ಆ ದಿನಗಳಲ್ಲಿಯೇ ಗಮನಿಸಿ ಬರೆದರು. ಅದು ಯಾರ ಕಿವಿಗೂ ಬೀಳಲಿಲ್ಲ. ವಾಣಿನಗರದಲ್ಲಿ ವೈದ್ಯವೃತ್ತಿ ನಡೆಸುತ್ತಿದ್ದ ಡಾ. ವೈ. ಎಸ್. ಮೋಹನಕುಮಾರರಿಗೆ, ಬೆರಳೆಣಿಕೆಯಷ್ಟು ಮನೆಗಳಿರುವ ಈ ಪ್ರದೇಶದಲ್ಲಿ ಬುದ್ಧಿಮಾಂದ್ಯ, ಅಪಸ್ಮಾರ, ಹುಟ್ಟು ಊನ, ಅರ್ಬುದ ರೋಗಗಳು ಇಷ್ಟೊಂದು ಏಕೆ ಎಂಬ ಪ್ರಶ್ನೆ ಹುಟ್ಟಿತು. ಅವರು ಮನೆಮನೆಯ ಲೆಕ್ಕವಿಟ್ಟರು. ಪೆರಿಯ ಎಂಬ ಊರಿನಲ್ಲಿ ಲೀಲಾಕುಮಾರಿ ಅಮ್ಮ ಎಂಬ ಕೃಷಿ ಇಲಾಖೆಯ ನೌಕರಳು ೧೯೯೮ರಲ್ಲಿ ನ್ಯಾಯಾಲಯದ ಮೆಟ್ಟಿಲೇರಿ ಸಿಂಪಡಣೆಗೆ ತಡೆಯಾಜ್ಞೆ ತಂದಳು. ಒಬ್ಬ ರೈತ ಬರಹಗಾರ, ಒಬ್ಬ ಹಳ್ಳಿಯ ವೈದ್ಯ, ಒಬ್ಬ ಸಾಮಾನ್ಯ ನೌಕರಳು, ಇವರಲ್ಲಿ ಯಾರಿಗೂ ಪ್ರಯೋಗಾಲಯವಿರಲಿಲ್ಲ. ಕಣ್ಣಿತ್ತು, ಲೆಕ್ಕದ ಪುಸ್ತಕವಿತ್ತು, ಹಿಡಿದದ್ದನ್ನು ಬಿಡದ ಹಟವಿತ್ತು.

ಪ್ರಯೋಗಾಲಯಗಳು ಬಂದದ್ದು ಆಮೇಲೆ. ೨೦೦೧ರಲ್ಲಿ ದಿಲ್ಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ಪಡ್ರೆಯ ನೀರು, ಮಣ್ಣು, ರಕ್ತಗಳಲ್ಲಿ ಎಂಡೋಸಲ್ಫಾನಿನ ಅಂಶವನ್ನು ಕಂಡಿತು. ಆ ಶೋಧವನ್ನು ತಯಾರಕರು ಅಲ್ಲಗಳೆದರು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ವಿಜ್ಞಾನಿಗಳು ಗೇರು ತೋಟದ ತಪ್ಪಲಿನ ಹಳ್ಳಿಯ ೧೧೭ ಗಂಡುಮಕ್ಕಳನ್ನೂ ಸಿಂಪಡಣೆ ಇಲ್ಲದ ಕಡೆಯ ೯೦ ಗಂಡುಮಕ್ಕಳನ್ನೂ ಹೋಲಿಸಿ ನೋಡಿ ೨೦೦೩ರಲ್ಲಿ ಫಲಿತಾಂಶ ಪ್ರಕಟಿಸಿದರು. ತಪ್ಪಲಿನ ಮಕ್ಕಳು ಪ್ರಾಯಕ್ಕೆ ಬರುವುದು ತಡವಾಗಿತ್ತು, ಅವರ ರಕ್ತದಲ್ಲಿ ಎಂಡೋಸಲ್ಫಾನಿನ ಪ್ರಮಾಣ ಹೆಚ್ಚಿತ್ತು. ಪ್ರತಿಯೊಂದು ಊನಕ್ಕೂ ಇದೊಂದೇ ಕಾರಣವೇ ಎಂಬ ವಾದ ನಿಲ್ಲಲಿಲ್ಲ. ಆದರೆ ವಾದ ಮುಗಿಯಲೆಂದು ಕಾಯುವ ಕಾಲ ಆ ಮಕ್ಕಳಿಗೆ ಇರಲಿಲ್ಲ.

ನಮ್ಮ ರಾಜ್ಯವೂ ಇದರಿಂದ ಹೊರತಾಗಿರಲಿಲ್ಲ. ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆಗಳ ಸುತ್ತಿನ ಗೇರು ತೋಟಗಳ ಮೇಲೂ ಆಕಾಶದಿಂದ ಇದೇ ಔಷಧ ಸುರಿದಿತ್ತು. ೨೦೧೧ರ ಫೆಬ್ರವರಿಯಲ್ಲಿ ಕರ್ನಾಟಕ ಸರಕಾರ ಅದರ ಬಳಕೆಯನ್ನು ತಡೆಯಿತು. ಆ ವರ್ಷದ ಮೇ ೧೩ರಂದು ಸರ್ವೋಚ್ಚ ನ್ಯಾಯಾಲಯ ಇಡೀ ದೇಶದಲ್ಲಿ ಎಂಡೋಸಲ್ಫಾನಿನ ತಯಾರಿಕೆ, ಮಾರಾಟ, ಬಳಕೆಗಳನ್ನು ನಿಲ್ಲಿಸಿತು. ನಾಶವಾಗದ ವಿಷಗಳ ಬಗ್ಗೆ ೨೦೦೧ರಲ್ಲಿ ಸ್ಟಾಕ್‌ಹೋಮಿನಲ್ಲಿ ರಾಷ್ಟ್ರಗಳು ಮಾಡಿಕೊಂಡ ಒಪ್ಪಂದದ ಪಟ್ಟಿಗೂ ಅದು ೨೦೧೧ರಲ್ಲಿಯೇ ಸೇರಿತು. ಇದೇ ಒಪ್ಪಂದ ರೋಗ ಹರಡುವ ಕೀಟಗಳ ವಿರುದ್ಧ ಡಿ.ಡಿ.ಟಿ.ಗೆ ಇಂದಿಗೂ ಸಣ್ಣದೊಂದು ಬಾಗಿಲನ್ನು ತೆರೆದಿಟ್ಟಿರುವುದು ಗಮನಾರ್ಹ. ಸಂತ್ರಸ್ತರಿಗೆ ತಲಾ ಐದು ಲಕ್ಷ ರೂಪಾಯಿ ಕೊಡಬೇಕೆಂದು ೨೦೧೭ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಕೇರಳ ಸರಕಾರಕ್ಕೆ ಆಜ್ಞೆ ಮಾಡಿತು. ಅದು ಪೂರ್ತಿ ಪಾಲನೆಯಾಗಲಿಲ್ಲವೆಂದು ೨೦೨೨ರಲ್ಲಿ ಮತ್ತೆ ಗದರಬೇಕಾಯಿತು. ಕರುವಿನ ಕಾಲು ಕಂಡ ದಿನದಿಂದ ನಿಷೇಧದವರೆಗೆ ಮೂವತ್ತು ವರ್ಷಗಳಿಗೂ ಮಿಕ್ಕಿ ಕಾಲ ಹಿಡಿಯಿತು.

ಇದೆಲ್ಲ ಮುಗಿದ ಕಥೆಯೆಂದು ಪುಸ್ತಕ ಮುಚ್ಚುವಂತಿದ್ದರೆ ನಾನಿದನ್ನು ಹೇಳುತ್ತಿರಲಿಲ್ಲ. ವಾತಾಪಿ ಈಗ ಬೇರೊಂದು ರೂಪದಲ್ಲಿ ಬಂದಿದ್ದಾನೆ. ಪ್ಲಾಸ್ಟಿಕ್ಕು ಕೊಳೆಯುವುದಿಲ್ಲ, ಪುಡಿಯಾಗುತ್ತದೆ. ಸಮುದ್ರದಲ್ಲಿ ಹರಡಿದ ಆ ಸೂಕ್ಷ್ಮಕಣಗಳ ಬಗ್ಗೆ ಇಂಗ್ಲೆಂಡಿನ ರಿಚರ್ಡ್ ಥಾಮ್ಸನ್ ಮತ್ತು ಸಂಗಡಿಗರು ೨೦೦೪ರಲ್ಲಿ ಬರೆದ ಮೇಲೆ 'ಮೈಕ್ರೊಪ್ಲಾಸ್ಟಿಕ್' ಎಂಬ ಮಾತು ಬಳಕೆಗೆ ಬಂದಿತು. ೨೦೨೨ರಲ್ಲಿ ಹಾಲೆಂಡಿನ ವಿಜ್ಞಾನಿಗಳು ೨೨ ಜನರ ರಕ್ತವನ್ನು ಪರೀಕ್ಷಿಸಿ ೧೭ ಜನರಲ್ಲಿ ಪ್ಲಾಸ್ಟಿಕ್ ಕಣಗಳನ್ನು ಕಂಡರು. ೨೦೨೪ರಲ್ಲಿ ಇಟಲಿಯ ವೈದ್ಯರು ಕತ್ತಿನ ರಕ್ತನಾಳದ ಶಸ್ತ್ರಚಿಕಿತ್ಸೆ ಪಡೆದ ೨೫೭ ರೋಗಿಗಳನ್ನು ಸುಮಾರು ಮೂರು ವರ್ಷ ಗಮನಿಸಿದರು. ತೆಗೆದ ಕೊಬ್ಬಿನ ಪದರದಲ್ಲಿ ಪ್ಲಾಸ್ಟಿಕ್ ಇದ್ದವರಿಗೆ ಹೃದಯಾಘಾತ, ಪಾರ್ಶ್ವವಾಯು, ಮರಣಗಳ ಸಂಭವ ಇಲ್ಲದವರಿಗಿಂತ ನಾಲ್ಕು ಪಟ್ಟಿಗೂ ಮಿಗಿಲಾಗಿತ್ತು. ಪ್ಲಾಸ್ಟಿಕ್ಕೇ ಇದಕ್ಕೆ ಕಾರಣವೆಂದು ಆ ವೈದ್ಯರು ಸಾರಲಿಲ್ಲ, ಎರಡೂ ಜೊತೆಯಲ್ಲಿ ಕಂಡವು ಎಂದಷ್ಟೇ ಹೇಳಿದರು. ಹಂದಿಗೋಡನ್ನು ಬಲ್ಲವರಿಗೆ ಈ ಸಂಯಮದ ಬೆಲೆ ತಿಳಿಯುತ್ತದೆ. ಪಡ್ರೆಯನ್ನು ಬಲ್ಲವರಿಗೆ ಸುಮ್ಮನಿರುವುದರ ಬೆಲೆಯೂ ತಿಳಿಯುತ್ತದೆ.

ಬಳ್ಳಾರಿ ನಗರಕ್ಕೂ ಈ ಹೊಸ ಕಥೆಗೂ ನಂಟಿದೆ. ಇಂದು ದೇಶದ ಸಂತೆಗಳಲ್ಲಿ ಬಳ್ಳಾರಿಯ ಹೆಸರು ಜೀನ್ಸ್ ಬಟ್ಟೆಯಿಂದ ತಿಳಿದಿದೆ. ಎಷ್ಟೋ ಮನೆಗಳ ಒಲೆ ಉರಿಯುವುದು ಆ ಹೊಲಿಗೆಯ ಯಂತ್ರದಿಂದ. ಹೊಲಿದ ಬಟ್ಟೆಯನ್ನು ಒಗೆದು, ಉಜ್ಜಿ, ಹಳತಾದಂತೆ ಮಾಡುವುದು ಆ ಕಸುಬಿನ ಒಂದು ಭಾಗ, ಅದಕ್ಕೆ ಬೇಕಾದದ್ದು ನೀರು. ೨೦೨೦ರಲ್ಲಿ ಕೆನಡದ ವಿಜ್ಞಾನಿಗಳು ಒಂದು ಜೀನ್ಸ್ ಚಲ್ಲಣವನ್ನು ಒಮ್ಮೆ ಒಗೆದರೆ ೫೦,೦೦೦ಕ್ಕೂ ಹೆಚ್ಚು ಸೂಕ್ಷ್ಮ ಎಳೆಗಳು ಬಿಡುತ್ತವೆಂದು ಲೆಕ್ಕ ಮಾಡಿದರು. ಉತ್ತರ ಧ್ರುವದ ಕಡಲಿನ ತಳದ ಕೆಸರಿನಲ್ಲಿಯೂ ಅವರಿಗೆ ಆ ನೀಲಿಯ ಎಳೆಗಳು ಸಿಕ್ಕವು. ಅವು ಹತ್ತಿಯ ಎಳೆಗಳೇ. ಆದರೆ ಬಣ್ಣ, ರಾಸಾಯನಿಕಗಳಲ್ಲಿ ಮಿಂದ ಹತ್ತಿ ಹೊಲದ ಹತ್ತಿಯಂತೆ ಬೇಗನೆ ಮಣ್ಣಾಗುವುದಿಲ್ಲ. ಹಿಗ್ಗುವ ಬಟ್ಟೆಯಲ್ಲಿ ಪಾಲಿಯೆಸ್ಟರಿನಂಥ ಎಳೆಯೂ ಸೇರಿರುತ್ತದೆ. ಮನುಷ್ಯ ಸಂಚಾರವಿಲ್ಲದ ಧ್ರುವದ ಕಡಲಿಗೇ ಅದು ಮುಟ್ಟುವುದಾದರೆ, ಒಗೆಯುವ ಊರಿನ ಹಳ್ಳಕ್ಕೆ ಮುಟ್ಟದೆ ಇರಲಾರದು. ಕಸುಬು ಉಳಿಯಬೇಕು, ಒಗೆದ ನೀರು ಶುದ್ಧವಾಗಿ ಹೊರಬೀಳಬೇಕು. ಎರಡರಲ್ಲಿ ಒಂದನ್ನೇ ಆರಿಸಿಕೊಳ್ಳಿರೆಂದು ದುಡಿಯುವವನಿಗೆ ಹೇಳುವುದು ನ್ಯಾಯವಲ್ಲ. ಶುದ್ಧೀಕರಣದ ವೆಚ್ಚ ಹೊಲಿಯುವ ಕೂಲಿಯದಲ್ಲ. ಅದು ಮಾರುವವನದು, ಉಡುವವನದು, ಸರಕಾರದ್ದು.

ಅಡಿಗೆಯ ಮನೆಗೂ ಇದು ಬಂದಿದೆ. ೨೦೨೫ರ ಫೆಬ್ರವರಿಯಲ್ಲಿ ಇಡ್ಲಿ ಬೇಯಿಸಲು ಹೋಟೆಲುಗಳು ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಬಳಸುತ್ತಿರುವುದನ್ನು ರಾಜ್ಯದ ಅಧಿಕಾರಿಗಳು ಕಂಡು, ಸರಕಾರ ಅದನ್ನು ನಿಷೇಧಿಸಿತು. ನಮ್ಮ ತಾಯಂದಿರು ತೊಳೆದು ಹಿಂಡಿ ಬಿಸಿಲಿಗೆ ಹಾಕುತ್ತಿದ್ದ ಒಂದು ತುಂಡು ಬಿಳಿಯ ಅರಿವೆ ಎಷ್ಟು ದೊಡ್ಡ ವಿಜ್ಞಾನವಾಗಿತ್ತೆಂದು ಆಗ ನೆನಪಾಯಿತು. ೨೦೨೫ರ ಆಗಸ್ಟಿನಲ್ಲಿ ಪ್ಲಾಸ್ಟಿಕ್ ಬಗ್ಗೆ ಜಾಗತಿಕ ಒಪ್ಪಂದ ಮಾಡಿಕೊಳ್ಳಲು ಜಿನೀವದಲ್ಲಿ ಸೇರಿದ ರಾಷ್ಟ್ರಗಳು ಒಮ್ಮತಕ್ಕೆ ಬಾರದೆ ಚದುರಿದವು. ರಾಷ್ಟ್ರಗಳಿಗೆ ಕಾಲ ಬೇಕು. ಇಡ್ಲಿಯ ಬಟ್ಟೆಗೆ ಒಪ್ಪಂದ ಬೇಕಿಲ್ಲ.

ಈ ಎಪ್ಪತ್ತು ಎಂಬತ್ತು ವರ್ಷಗಳ ಕಥೆಯನ್ನು ಹಿಂತಿರುಗಿ ನೋಡಿದರೆ ನನ್ನ ಮನಸ್ಸು ಮತ್ತೆ ಆ ಕೆಮ್ಮಣ್ಣಿನ ಬರಹಕ್ಕೆ ಹೋಗಿ ನಿಲ್ಲುತ್ತದೆ. ಕುರುಗೋಡಿನಲ್ಲಿ ದೊಡ್ಡಬಸವೇಶ್ವರನ ಗುಡಿಯ ಜೊತೆಗೆ ಸಿಂದ ಅರಸರ ಕಾಲದ ಶಾಸನಗಳೂ ಇವೆ. ನಮ್ಮ ದಾನಶಾಸನಗಳ ಕ್ರಮ ಎಲ್ಲರಿಗೂ ಗೊತ್ತು: ಕೊಟ್ಟವರು ಯಾರು, ಕೊಟ್ಟದ್ದು ಏನು, ಯಾವ ಶಕವರ್ಷ, ಯಾವ ತಿಥಿ, ಎಲ್ಲೆಗಳು ಎಲ್ಲಿಂದೆಲ್ಲಿಗೆ, ಕೆಡಿಸಿದವನಿಗೆ ಯಾವ ಪಾಪ. ಗೋಡೆಯ ಮೇಲೆ ಔಷಧದ ಹೆಸರನ್ನೂ ತಾರೀಖನ್ನೂ ಬರೆದುಹೋದ ಆ ಖಾಕಿಯವನು ತಿಳಿಯದೆಯೇ ಈ ಪರಂಪರೆಯನ್ನು ನಡೆಸಿದ್ದ. ನಿಮ್ಮ ಮನೆಗೆ ಏನನ್ನು ತಂದೆವು, ಎಂದು ತಂದೆವು ಎಂಬುದನ್ನು ಮನೆಯವರ ಕಣ್ಣೆದುರಿಗೆ ಬರೆದಿಟ್ಟು ಹೋದ. ಪಡ್ರೆಯ ಗುಡ್ಡದ ಮೇಲೆ ಹಾರಿದ ಯಂತ್ರ ಕೆಳಗಿನವರ ಗೋಡೆಗೆ ಏನನ್ನೂ ಬರೆಯಲಿಲ್ಲ. ಅದನ್ನು ಒಬ್ಬ ಹಳ್ಳಿಯ ವೈದ್ಯ ಬರೆದುಕೊಳ್ಳಬೇಕಾಯಿತು.

ಸಿರುಗುಪ್ಪದ ಕಾಲುವೆಯಲ್ಲಿ, ಬಳ್ಳಾರಿಯ ಹಳ್ಳದಲ್ಲಿ, ನಾವು ಕುಡಿಯುವ ನೀರಿನಲ್ಲಿ ಏನಿದೆ ಎಂಬುದನ್ನು ಕಾಲಕಾಲಕ್ಕೆ ಪರೀಕ್ಷಿಸಿ, ಫಲಿತಾಂಶವನ್ನು ಊರಿನ ಚಾವಡಿಯಲ್ಲಿ, ಎಲ್ಲರಿಗೂ ತಿಳಿಯುವ ಕನ್ನಡದಲ್ಲಿ, ತಾರೀಖು ಸಹಿತ ಬರೆದು ಹಾಕುವುದು ಕಷ್ಟದ ಕೆಲಸವಲ್ಲ. ಅರವತ್ತು ವರ್ಷಗಳ ಹಿಂದೆ ಒಂದು ಬಡ ದೇಶ ಲಕ್ಷಾಂತರ ಗುಡಿಸಲುಗಳ ಗೋಡೆಯ ಮೇಲೆ ಅದನ್ನು ಮಾಡಿತ್ತು. ಅಗಸ್ತ್ಯರ ಜಠರಾಗ್ನಿ ನಮಗಿಲ್ಲ. ಎಲೆಯ ಮೇಲೆ ಬಡಿಸಿದ್ದು ಏನೆಂದು ಕೇಳಿ ಉಣ್ಣುವ ಹಕ್ಕಾದರೂ ನಮಗಿರಬೇಕು.